ಕಣ್ಣಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮವಾರಪೇಟೆಯಲ್ಲಿ ಸಂತೆ ದಿನ ನನ್ನ ಕನ್ನಡಕದ ಅಂಗಡಿಗೆ ಬರುವವರಲ್ಲಿ ಒಬ್ಬರಾದರೂ ಫೋನ್ ಮುಂದೆ ಹಿಡಿದು, "ಇದು ನಿಜಾನಾ ಸ್ವಲ್ಪ ನೋಡಿ" ಅನ್ನುತ್ತಾರೆ. ಕಣ್ಣು ಕಾಣದವರಿಗೆ ಸ್ಟೆಮ್ ಸೆಲ್ ಹಾಕಿ ಕಣ್ಣು ಬಂತು ಅನ್ನುವ ವಿಡಿಯೊ. ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು. ಆದರೆ ನಮ್ಮ ಅಣ್ಣನಿಗೇ ಕಣ್ಣಿನ ಹಿಂಭಾಗ ನಿಧಾನಕ್ಕೆ ಕೆಡುವ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ ಇದೆ. ಅವನ ಜೊತೆ ಊರೂರು ಅಲೆದು, ದುಡ್ಡು ಕಳೆದು, ಆಮೇಲೆ ಕೂತು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ಜನ ಕೇಳಿದ ಹಾಗೇ ಇವೆ.

ಸುತ್ತಿ ಬಳಸಿ ಬೇಡ. ಕಣ್ಣಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಇದೆಯಾ, ಇಲ್ಲವಾ?

ಕಣ್ಣಿನ ಮುಂಭಾಗಕ್ಕೆ ಇದೆ. ಹಿಂಭಾಗಕ್ಕೆ ಇನ್ನೂ ಪ್ರಯೋಗದಲ್ಲಿದೆ.

ಮುಂಭಾಗ ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಕಾರ್ನಿಯಾ. ಸುಣ್ಣ, ಆ್ಯಸಿಡ್ ಬಿದ್ದು ಇದು ಸುಟ್ಟುಹೋದರೆ ಸ್ಟೆಮ್ ಸೆಲ್ ಕಸಿ ನಮ್ಮ ದೇಶದಲ್ಲೇ ನಡೆಯುತ್ತದೆ. ಹಿಂಭಾಗ ಅಂದರೆ ರೆಟಿನಾ. ಕ್ಯಾಮೆರಾಕ್ಕೆ ಫಿಲ್ಮ್ ಇದ್ದ ಹಾಗೆ. ವಯಸ್ಸಾದವರಲ್ಲಿ ರೆಟಿನಾದ ನಡುಭಾಗ ಕೆಡುವ ಮ್ಯಾಕ್ಯುಲಾ ಸವೆತ (ಎಎಂಡಿ), ಆರ್‌ಪಿ, ಸ್ಟಾರ್‌ಗಾರ್ಟ್ (ಎಳೆಯರಲ್ಲೇ ನಡುನೋಟ ಕೆಡಿಸುವುದು) ಎಲ್ಲ ಇಲ್ಲಿನ ಕಾಯಿಲೆಗಳು. ಇವಕ್ಕೆ ಸ್ಟೆಮ್ ಸೆಲ್ ಹಾಕಿ ವಾಸಿ ಮಾಡ್ತೀವಿ ಅಂತ ಬಿಲ್ ಕೊಡುವವರನ್ನು ನಂಬಬೇಡಿ. ಫೋನಿನಲ್ಲಿ ಬರುವ ವಿಡಿಯೊಗಳು ಈ ಎರಡನ್ನೂ ಕಲಸಿಬಿಡುತ್ತವೆ. ಮುಂಭಾಗ ಸರಿಯಾದವರನ್ನು ತೋರಿಸಿ, ಹಿಂಭಾಗ ಕೆಟ್ಟವರನ್ನು ಕರೆಯುತ್ತಾರೆ.

ಸ್ಟೆಮ್ ಸೆಲ್ ಅಂದ್ರೆ ಏನು?

ಇನ್ನೂ ಯಾವ ಕೆಲಸ ಅಂತ ಗೊತ್ತುಮಾಡಿಕೊಳ್ಳದ ಜೀವಕೋಶ. ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಅಂತೆಲ್ಲ ಬರೆಯುತ್ತಾರೆ, ಅಂಗಡಿಗೆ ಬಂದು ಹಾಗೆ ಕೇಳಿದವರು ಯಾರೂ ಇಲ್ಲ. ಇದು ತನ್ನಂಥ ಕೋಶಗಳನ್ನೂ ಹುಟ್ಟಿಸಬಲ್ಲದು, ಬೇರೆ ಕೆಲಸದ ಕೋಶವಾಗಿಯೂ ಬದಲಾಗಬಲ್ಲದು.

ಮೂರು ಬಗೆ ಗೊತ್ತಿದ್ದರೆ ಸಾಕು. ಒಂದು, ದೊಡ್ಡವರ ಮೈಯಲ್ಲೇ ಇರುವುದು. ಮೂಳೆ ಮಜ್ಜೆಯಲ್ಲಿದೆ, ಕಾರ್ನಿಯಾದ ಅಂಚಿನಲ್ಲೂ ಇದೆ. ಇದಕ್ಕೆ ಮಾಡಲು ಬರುವ ಕೆಲಸ ಕಡಿಮೆ. ಮಜ್ಜೆಯದು ರಕ್ತ ಮಾಡುತ್ತದೆ, ಕಾರ್ನಿಯಾ ಅಂಚಿನದು ಕಾರ್ನಿಯಾದ ಮೇಲ್ಪದರ ಮಾಡುತ್ತದೆ. ಎರಡು, ಭ್ರೂಣದ್ದು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ತಂಡ ಮನುಷ್ಯರ ಭ್ರೂಣದಿಂದ ಇದನ್ನು ಬೇರ್ಪಡಿಸಿ ಬೆಳೆಸಿತು. ಇದು ಏನು ಬೇಕಾದರೂ ಆಗಬಲ್ಲದು. ಮೂರು, ಜಪಾನಿನ ಶಿನ್ಯಾ ಯಮನಾಕ ಕಂಡುಹಿಡಿದ ಐಪಿಎಸ್ ಕೋಶ. 2006ರಲ್ಲಿ ಇಲಿಯ ಕೋಶದಿಂದ, 2007ರಲ್ಲಿ ಮನುಷ್ಯರ ಚರ್ಮದ ಕೋಶದಿಂದ ಇದನ್ನು ಮಾಡಿ ತೋರಿಸಿದರು. ದೊಡ್ಡವರ ಚರ್ಮದ ಕೋಶವನ್ನು ಮತ್ತೆ ಶಿಶುವಿನ ಸ್ಥಿತಿಗೆ ಮರಳಿಸುವ ವಿದ್ಯೆ ಅದು. 2012ರಲ್ಲಿ ಅವರಿಗೂ ಜಾನ್ ಗರ್ಡನ್ ಅವರಿಗೂ ನೊಬೆಲ್ ಬಂತು.

ಮುಂಭಾಗಕ್ಕೆ ಇದೆ ಅಂದ್ರಲ್ಲ, ಅದು ಯಾರಿಗೆ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ತೋಟಗಳಿಗೆ ಇದು ತೀರಾ ಹತ್ತಿರದ ವಿಷಯ.

ಕಪ್ಪು ಬಿಳುಪು ಸೇರುವ ಕಡೆ, ಕಾರ್ನಿಯಾದ ಸುತ್ತ, ಒಂದು ಸಣ್ಣ ಉಂಗುರದಂಥ ಅಂಚು ಇದೆ. ಲಿಂಬಸ್ ಅನ್ನುತ್ತಾರೆ. ಅಲ್ಲಿರುವ ಸ್ಟೆಮ್ ಸೆಲ್‌ಗಳು ದಿನವೂ ಹೊಸ ಮೇಲ್ಪದರ ಮಾಡಿ ಕಳಿಸುತ್ತವೆ. ಸುಣ್ಣ ಬಿದ್ದು ಆ ಅಂಚೇ ಸುಟ್ಟರೆ ಪದರ ಬರುವುದು ನಿಲ್ಲುತ್ತದೆ. ಬಿಳಿಗುಡ್ಡೆಯ ಚರ್ಮ, ರಕ್ತನಾಳಗಳ ಸಮೇತ, ಕರಿಗುಡ್ಡೆಯ ಮೇಲೆ ಹತ್ತಿ ಬರುತ್ತದೆ. ಪಾಳು ಬಿಟ್ಟ ತೋಟಕ್ಕೆ ಲಂಟಾನ ನುಗ್ಗಿದ ಹಾಗೆ. ಇಂಥ ಕಣ್ಣಿಗೆ ಸುಮ್ನೆ ದಾನದ ಕಾರ್ನಿಯಾ ಹೊಲಿದರೆ ನಿಲ್ಲುವುದಿಲ್ಲ. ಅದರ ಮೇಲೂ ಹತ್ತುತ್ತದೆ.

1997ರಲ್ಲಿ ಇಟಲಿಯ ಪೆಲೆಗ್ರೀನಿ, ಡಿ ಲೂಕಾ ತಂಡ ಚೆನ್ನಾಗಿರುವ ಕಣ್ಣಿನ ಲಿಂಬಸ್ಸಿನಿಂದ ಚೂರು ತೆಗೆದು, ಲ್ಯಾಬಿನಲ್ಲಿ ಹಾಳೆಯ ಹಾಗೆ ಬೆಳೆಸಿ, ಕೆಟ್ಟ ಕಣ್ಣಿಗೆ ಹಾಕಿತು. ಅದೇ ಮುಂದೆ ಹೋಲೋಕ್ಲಾರ್ ಅನ್ನುವ ಹೆಸರಲ್ಲಿ 2015ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಜೊತೆಗಾರರು ಇದನ್ನು ಇನ್ನೂ ಸುಲಭ ಮಾಡಿದರು. ಚೆನ್ನಾಗಿರುವ ಕಣ್ಣಿನಿಂದ ಸುಮಾರು 2 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚೂರು. ಅಷ್ಟೇ ಬೇಕಾದದ್ದು. ಅದನ್ನು ಎಂಟು ಹತ್ತು ತುಂಡು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹಾಸಿದ ಹೆರಿಗೆಯ ಮಾಸಿನ ತೆಳು ಪೊರೆಯ ಮೇಲೆ ಅಂಟಿಸುತ್ತಾರೆ. ಲ್ಯಾಬ್ ಬೇಡ, ಒಂದೇ ಸಲದ ಆಪರೇಷನ್. 2012ರಲ್ಲಿ ಈ ವಿಧಾನ ಪ್ರಕಟವಾಯಿತು. ಸ್ಲೆಟ್ ಅಂತ ಹೆಸರು. ಈಗ ಬೇರೆ ದೇಶದವರೂ ಮಾಡುತ್ತಾರೆ.

ಒಂದು ಕಣ್ಣು ಚೆನ್ನಾಗಿರಬೇಕು ಅನ್ನುವುದು ಇಲ್ಲಿ ಮುಖ್ಯ. ಎರಡೂ ಸುಟ್ಟಿದ್ದರೆ ಬೇರೆಯವರದ್ದು ತರಬೇಕು. ಆಗ ಮೈ ಒಪ್ಪದೆ ಹೋಗಬಹುದು, ಅದಕ್ಕೆ ಮಾತ್ರೆ ನುಂಗುತ್ತಿರಬೇಕು.

ಸುಣ್ಣ ಬಿದ್ದ ಕೂಡಲೆ ಏನು ಮಾಡಬೇಕು?

ನೀರು. ತಕ್ಷಣ, ಜಾಸ್ತಿ, ಅರ್ಧ ಗಂಟೆ.

ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ದಿನ ಇದು ನೆನಪಿರಲಿ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿದು ಸಿಡಿಯುತ್ತದೆ. ಡ್ರಮ್ಮಿನೊಳಗೆ ಬಗ್ಗಿ ನೋಡುವವರ ಮುಖಕ್ಕೇ ಹಾರುತ್ತದೆ. ಹತ್ತಿರದಲ್ಲೇ ಇರುವ ಪೈಪು ಹಿಡಿದು ಕಣ್ಣು ತೊಳೆಯಿರಿ. ರೆಪ್ಪೆ ಎತ್ತಿ ಒಳಗೂ ನೀರು ಬಿಡಬೇಕು, ಸುಣ್ಣದ ಕಾಳು ಅಲ್ಲಿ ಕೂತಿರುತ್ತದೆ. ಉಜ್ಜಬೇಡಿ. ಹರಳೆಣ್ಣೆ, ಹಾಲು, ಎದೆಹಾಲು ಯಾವುದೂ ಬೇಡ. ತೊಳೆದ ಮೇಲೆ ಜೀಪು ಹತ್ತಿ. ತೊಳೆಯದೆ ಓಡಿ ಬಂದರೆ ದಾರಿಯುದ್ದಕ್ಕೂ ಅದು ಒಳಗೆ ಇಳಿಯುತ್ತಲೇ ಇರುತ್ತದೆ. ಕ್ಷಾರದ ಗುಣ ಅದು.

ಎಲೆ ಅಡಿಕೆಗೆ ಇಟ್ಟ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳು ಒತ್ತಿ ಆಡುವುದೂ ಇದೇ ಗಾಯ ತರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಹೋಗಿ ಹೇಳುವ ಮಾತು ಏನಾದರೂ ಇದ್ದರೆ ಇದೇ.

ಹಿಂಭಾಗದಲ್ಲಿ ಸವೆಯುವುದು ನಿಜವಾಗಿ ಏನು?

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಕತ್ತಲಲ್ಲಿ ಕೆಲಸ ಮಾಡುವ ರಾಡ್‌ಗಳು ಒಂದು ಕಣ್ಣಿನಲ್ಲಿ ಸುಮಾರು 12 ಕೋಟಿ. ಬಣ್ಣ, ಅಕ್ಷರ ನೋಡುವ ಕೋನ್‌ಗಳು ಸುಮಾರು 60 ಲಕ್ಷ. ಇವುಗಳ ಕೆಳಗೆ ಒಂದೇ ಕೋಶದ ದಪ್ಪದ ಕಂದು ಪದರ ಹಾಸಿದೆ. ಅದರ ಹೆಸರು ಆರ್‌ಪಿಇ. ಆರ್‌ಪಿ ಕಾಯಿಲೆ ಬೇರೆ, ಇದು ಬೇರೆ. ರಾಡ್, ಕೋನ್‌ಗಳ ತುದಿ ದಿನವೂ ಸವೆದು ಉದುರುತ್ತದೆ. ಅದನ್ನು ಗುಡಿಸಿ ತಿನ್ನುವುದು, ಮೇಲಿನವರಿಗೆ ಆಹಾರ ಕೊಡುವುದು ಈ ಆರ್‌ಪಿಇ ಕೆಲಸ. ಮಣ್ಣು ಇದ್ದ ಹಾಗೆ ಅಂದುಕೊಳ್ಳಿ. ಮಣ್ಣು ಕೆಟ್ಟರೆ ಗಿಡ ನಿಧಾನಕ್ಕೆ ಒಣಗುತ್ತದೆ.

ವಯಸ್ಸಾದವರ ಎಎಂಡಿಯಲ್ಲಿ ಮೊದಲು ಕೆಡುವುದು ಈ ಮಣ್ಣು, ಅದೂ ರೆಟಿನಾದ ನಡುವೆ. ಹಾಗಾಗಿ ಎದುರು ಕೂತವರ ಮುಖವೇ ಕಾಣುವುದಿಲ್ಲ, ಪಕ್ಕದ ಗೋಡೆ ಕಾಣುತ್ತದೆ. ಆರ್‌ಪಿಯಲ್ಲಿ ಹೆಚ್ಚಾಗಿ ಮೊದಲು ಸಾಯುವುದು ರಾಡ್‌ಗಳು. ಅಂಚಿನಿಂದ ಶುರುವಾಗುತ್ತದೆ. ಇರುಳು ಕಾಣುವುದಿಲ್ಲ, ಆಮೇಲೆ ನೋಟ ಕೊಳವೆಯ ಹಾಗೆ ಕಿರಿದಾಗುತ್ತದೆ. ನಮ್ಮ ಅಣ್ಣನಿಗೆ ಹೀಗೆ. ಮರಕ್ಕೆ ಒರಗಿಸಿದ ಏಣಿಯ ಮೇಲೆ ನಿಂತಾಗ ಮುಂದಿನ ಮೆಣಸಿನ ಗೆರೆ ಕಾಣುತ್ತದೆ, ಕಾಲಿಡುವ ಮೆಟ್ಟಿಲು ಕಾಣುವುದಿಲ್ಲ. ಸಂಜೆ ಆರಕ್ಕೆ ಮಂಜು ಇಳಿದರೆ ಅವನು ಅಂಗಳ ದಾಟುವುದಿಲ್ಲ. ಆನೆ ಓಡಾಡುವ ಊರಲ್ಲಿ ಅದು ಸಣ್ಣ ಮಾತಲ್ಲ, ಅಲ್ವಾ?

ರೆಟಿನಾಕ್ಕೆ ಪ್ರಯೋಗ ಎಲ್ಲಿವರೆಗೆ ಬಂದಿದೆ?

ಬಹುತೇಕ ಕಡೆ ಲೆಕ್ಕಾಚಾರ ಒಂದೇ. ಸ್ಟೆಮ್ ಸೆಲ್ಲನ್ನು ನೇರ ಕಣ್ಣಿಗೆ ಹಾಕುವುದಿಲ್ಲ. ಲ್ಯಾಬಿನಲ್ಲಿ ಅದನ್ನು ಆರ್‌ಪಿಇ ಕೋಶವಾಗಿ ಬೆಳೆಸಿ, ಪರೀಕ್ಷಿಸಿ, ಆಮೇಲೆ ರೆಟಿನಾದ ಕೆಳಗೆ ಕೂರಿಸುತ್ತಾರೆ. ಬೀಜ ಎರಚುವ ಬದಲು ನರ್ಸರಿ ಸಸಿ ನೆಡುವ ಹಾಗೆ.

2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿ ತಂಡ 70 ದಾಟಿದ ಒಬ್ಬ ಮಹಿಳೆಯ ಚರ್ಮದಿಂದಲೇ ಐಪಿಎಸ್ ಕೋಶ ಮಾಡಿ, ಅದರಿಂದ ಆರ್‌ಪಿಇ ಹಾಳೆ ಬೆಳೆಸಿ, ಅವರ ಕಣ್ಣಿಗೇ ಇಟ್ಟಿತು. ಜಗತ್ತಿನಲ್ಲಿ ಅದೇ ಮೊದಲು. ಫಲ? ನೋಟ ಹೆಚ್ಚಲಿಲ್ಲ. ಆದರೆ ಕೆಡುವುದು ನಿಂತಿತು, ಗಡ್ಡೆ ಬರಲಿಲ್ಲ. ಎರಡನೆಯ ರೋಗಿಗೆ ಬೆಳೆಸಿದ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡಿತು. ಅದನ್ನು ಹಾಕದೆ ನಿಲ್ಲಿಸಿದರು. ನನಗೆ ಈ ನಿಲ್ಲಿಸಿದ್ದೇ ದೊಡ್ಡದಾಗಿ ಕಾಣುತ್ತದೆ. ರೋಗಿ ಕಾಯುತ್ತಿದ್ದಾರೆ, ಕೋಶ ತಯಾರಿದೆ, ಜಗತ್ತು ನೋಡುತ್ತಿದೆ. ಆದರೂ ಬೇಡ ಅಂದರು.

2018ರಲ್ಲಿ ಲಂಡನ್ನಿನ ತಂಡವೊಂದು ಭ್ರೂಣದ ಸ್ಟೆಮ್ ಸೆಲ್‌ನಿಂದ ಮಾಡಿದ ತೇಪೆಯನ್ನು ಒದ್ದೆ ಎಎಂಡಿ (ರೆಟಿನಾದ ಕೆಳಗೆ ರಕ್ತನಾಳ ಬೆಳೆದು ಸೋರುವ ಬಗೆ) ಇದ್ದ ಇಬ್ಬರಿಗೆ ಹಾಕಿದ ವಿಷಯ ಪ್ರಕಟಿಸಿತು. ಒಂದು ವರ್ಷದಲ್ಲಿ ಒಬ್ಬರು ಬೋರ್ಡಿನ ಮೇಲೆ 29 ಅಕ್ಷರ ಜಾಸ್ತಿ ಓದಿದರು, ಇನ್ನೊಬ್ಬರು 21. ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಇಬ್ಬರೇ. ಇಬ್ಬರೂ ನೋಟ ಕಳೆದುಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅಮೆರಿಕದಲ್ಲಿ ಸ್ಟಾರ್‌ಗಾರ್ಟ್ ಮತ್ತು ಒಣ ಎಎಂಡಿ (ಸೋರದೆ ನಿಧಾನಕ್ಕೆ ಸವೆಯುವ ಬಗೆ) ಇದ್ದವರಿಗೂ ಇಂಥ ಕೋಶ ಹಾಕಿ ವರ್ಷಗಟ್ಟಲೆ ನೋಡಿದ್ದಾರೆ. ಈ ಸಣ್ಣ ಪ್ರಯೋಗಗಳು ಮೊದಲು ಕೇಳುವುದು "ಅಪಾಯ ಆಗುತ್ತಾ" ಅಂತ. "ಎಷ್ಟು ಕಾಣುತ್ತೆ" ಅನ್ನುವುದು ಆಮೇಲಿನ ಪ್ರಶ್ನೆ.

ನಮ್ಮ ಪಕ್ಕದಲ್ಲೇ, ಬೆಂಗಳೂರಿನ ಐಸ್ಟೆಮ್ ಅನ್ನುವ ಕಂಪನಿ ಒಣ ಎಎಂಡಿಗೆ ಆರ್‌ಪಿಇ ಕೋಶ ತಯಾರಿಸಿ ಭಾರತದಲ್ಲೇ ಮನುಷ್ಯರ ಮೇಲೆ ಪ್ರಯೋಗಕ್ಕೆ ಇಳಿದಿದೆ. ಅದೂ ಪ್ರಯೋಗವೇ, ಮಾರಾಟಕ್ಕೆ ಇರುವ ಚಿಕಿತ್ಸೆ ಅಲ್ಲ.

ಎಎಂಡಿಗೆ ಇಷ್ಟು ಬಂದಿದೆ ಅಂದ್ರೆ ಆರ್‌ಪಿಗೆ ಯಾಕೆ ತಡ?

ಮಣ್ಣು ಬದಲಿಸುವುದು ಬೇರೆ, ಒಣಗಿದ ಗಿಡದ ಜಾಗಕ್ಕೆ ಹೊಸ ಗಿಡ ಇಟ್ಟು ಬೇರು ಹಿಡಿಸುವುದು ಬೇರೆ. ಆರ್‌ಪಿ ಮುಂದುವರಿದವರಲ್ಲಿ ರಾಡ್, ಕೋನ್‌ಗಳೇ ಸತ್ತಿರುತ್ತವೆ. ಹೊಸದನ್ನು ಇಟ್ಟರೆ ಸಾಲದು. ಅದು ಮುಂದಿನ ನರಕೋಶಕ್ಕೆ ಸರಿಯಾಗಿ ಜೋಡಿಕೊಳ್ಳಬೇಕು, ಆ ಸುದ್ದಿ ಮಿದುಳಿಗೆ ಮುಟ್ಟಬೇಕು. ಕಂಬ ನೆಟ್ಟ ಮಾತ್ರಕ್ಕೆ ಮನೆಗೆ ಕರೆಂಟ್ ಬರುತ್ತದಾ?

ಅದಕ್ಕೇ ಕೆಲವು ತಂಡಗಳು ಬೇರೆ ದಾರಿ ಹಿಡಿದಿವೆ. ರೆಟಿನಾದ ಎಳೆ ಕೋಶಗಳನ್ನು ಕಣ್ಣಿನೊಳಗೆ ಬಿಟ್ಟು, ಅವು ಸುರಿಸುವ ಪೋಷಕ ಅಂಶಗಳಿಂದ ಉಳಿದ ಕೋನ್‌ಗಳನ್ನು ಬದುಕಿಸಿಕೊಳ್ಳುವ ಯತ್ನ ಅದು. ಅಮೆರಿಕದ ಜೆಸೈಟ್ ಕಂಪನಿ ಇಂಥದ್ದನ್ನು ಆರ್‌ಪಿಗೇ ಪ್ರಯೋಗಿಸಿದೆ.

ಒಂದು ಕ್ಲಿನಿಕ್‌ನವರು ನಾಲ್ಕು ಲಕ್ಷಕ್ಕೆ ಮಾಡ್ತೀವಿ ಅಂತಿದ್ದಾರೆ. ಹೋಗಿ ನೋಡೋದರಲ್ಲಿ ತಪ್ಪೇನು?

ನಾವೂ ಹೀಗೇ ಅಂದುಕೊಂಡಿದ್ದೆವು.

ಕೆಲವು ವರ್ಷಗಳ ಹಿಂದೆ, ಆ ಸಲದ ಮೆಣಸು ಮಾರಿದ ದುಡ್ಡು ಹಿಡಿದು ಅಣ್ಣ, ಅತ್ತಿಗೆ, ನಾನು ಮೂವರೂ ದೊಡ್ಡ ಊರಿನ ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. ತಂಪು ಕೋಣೆ, ಗೋಡೆ ತುಂಬ ನಗುವ ಫೋಟೊಗಳು. ಕಣ್ಣಿನ ಡಾಕ್ಟರ್ ಯಾರೂ ಕಾಣಲಿಲ್ಲ. ನಾನು ಈ ಕೆಲಸದಲ್ಲಿ ಇರುವವನು, ಅದನ್ನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು, ಎರಡು ಗಂಟೆ ಬಿಟ್ಟು ಕಣ್ಣಿನ ಹಿಂದೆ ಸೂಜಿ ಹಾಕಿದರು. ರಸೀದಿಯಲ್ಲಿ ಕಾಯಿಲೆಯ ಹೆಸರಿಲ್ಲ, "ಸೆಲ್ ಪ್ಯಾಕೇಜ್, 1" ಅಂತ ಇತ್ತು. ಆಸ್ಪತ್ರೆ ಬಿಲ್ಲೋ ಡಿಶ್ ಟಿವಿ ಬಿಲ್ಲೋ ಅಂತ ಅತ್ತಿಗೆ ಆಮೇಲೆ ಕೇಳಿದರು. ಮೂರು ತಿಂಗಳಲ್ಲಿ ಏನೂ ಬದಲಾಗಲಿಲ್ಲ. ಫೋನ್ ಮಾಡಿದರೆ "ಇನ್ನೊಂದು ಡೋಸ್ ಬೇಕು" ಅಂದರು.

ನಮಗೆ ಹೋದದ್ದು ದುಡ್ಡು ಮಾತ್ರ. ಪುಣ್ಯ. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ಮಹಿಳೆಯರಿಗೆ ಅವರದ್ದೇ ಕೊಬ್ಬಿನಿಂದ ತೆಗೆದ "ಸ್ಟೆಮ್ ಸೆಲ್" ಅನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು. ವಯಸ್ಸು 72ರಿಂದ 88. ತಲಾ 5,000 ಡಾಲರ್. ಎಎಂಡಿ ಇದ್ದರೂ ಸ್ವಲ್ಪ ಕಾಣುತ್ತಿದ್ದವರು. ರಕ್ತಸ್ರಾವ, ರೆಟಿನಾ ಕಳಚಿಕೊಳ್ಳುವುದು ಎಲ್ಲ ಆಗಿ, ಬಹುತೇಕ ಪೂರ್ತಿ ಕುರುಡಾದರು. 2017ರಲ್ಲಿ ದೊಡ್ಡ ವೈದ್ಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದನ್ನು ಓದುವಾಗ ನನ್ನ ಕೈ ತಣ್ಣಗಾಗಿತ್ತು.

ಸರಿಯಾದ ಪ್ರಯೋಗದಲ್ಲಿ ಎರಡೂ ಕಣ್ಣಿಗೆ ಒಂದೇ ದಿನ ಕೈ ಹಾಕುವುದಿಲ್ಲ. ಹೆಚ್ಚು ಕೆಟ್ಟಿರುವ ಒಂದು ಕಣ್ಣಿಗೆ ಮೊದಲು. ಮತ್ತೆ, ಸರಿಯಾದ ಪ್ರಯೋಗ ರೋಗಿಯಿಂದ ದುಡ್ಡು ಕೀಳುವುದಿಲ್ಲ. ಕೌಂಟರಿನಲ್ಲಿ ಯಾರು ಏನೇ ತೋರಿಸಿದರೂ ನಾನು ಮೊದಲು ಕೇಳುವುದು ಇದನ್ನೇ: "ಎಷ್ಟು ಕೇಳಿದರು?"

ಅವರದ್ದೇ ಮೈಯ ಕೋಶ ಅಂದ ಮೇಲೆ ತೊಂದರೆ ಹೇಗೆ?

ಮನೆಯವರೇ ಆದರೂ ಗೊತ್ತಿಲ್ಲದ ಕೆಲಸಕ್ಕೆ ಹಚ್ಚಿದರೆ ಎಡವಟ್ಟು ಮಾಡುತ್ತಾರೆ. ಕೊಬ್ಬಿನ ಕೋಶ ಕಣ್ಣಿನೊಳಗೆ ಹೋಗಿ ರೆಟಿನಾ ಆಗುವುದಿಲ್ಲ. ಗಾಯದ ಕಲೆಯಂಥ ಪೊರೆ ಕಟ್ಟಿ ರೆಟಿನಾವನ್ನು ಎಳೆಯಬಹುದು. ಜೊತೆಗೆ ಸೋಂಕು. ಭ್ರೂಣದ, ಐಪಿಎಸ್ ಕೋಶಗಳಲ್ಲಿ ಪೂರ್ತಿ ಬದಲಾಗದ ಒಂದೆರಡು ಉಳಿದರೂ ಗಡ್ಡೆ ಆಗುವ ಭಯ ಇರುತ್ತದೆ. ಪರೀಕ್ಷೆಗೆ ತಿಂಗಳುಗಟ್ಟಲೆ ಹಿಡಿಯುವುದು ಅದಕ್ಕೇ. ಎರಡು ಗಂಟೆಯಲ್ಲಿ ಆಗುವ ಕೆಲಸ ಅಲ್ಲ ಅದು.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ?

ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆ ಐಸಿಎಂಆರ್ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಮಾರ್ಗಸೂಚಿ ಹೊರಡಿಸಿವೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದು ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದೊಳಗೇ ನಡೆಯಬೇಕು ಅನ್ನುತ್ತದೆ ಅದು. ರೆಟಿನಾದ ಕಾಯಿಲೆಗಳು ಆ ಪ್ರಯೋಗದ ಪಟ್ಟಿಯಲ್ಲೇ ಬರುತ್ತವೆ. ಪ್ರಯೋಗ ಹೇಗೆ ನಡೆಯಬೇಕು ಅನ್ನುವುದಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು ಅಂತ ಅದರಲ್ಲಿದೆ.

ಹಾಗಾದ್ರೆ ನಿಜವಾದ ಪ್ರಯೋಗಕ್ಕೆ ಸೇರೋದು ಹೇಗೆ?

ಸಿಟಿಆರ್‌ಐ ಅನ್ನುವ ಸರ್ಕಾರದ ಪಟ್ಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ನಮ್ಮ ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳು ಶುರುವಾಗುವ ಮೊದಲೇ ಅಲ್ಲಿ ದಾಖಲಾಗಬೇಕು. ಕ್ಲಿನಿಕ್‌ನವರ ಹತ್ತಿರ ನಂಬರ್ ಕೇಳಿ. ಕೊಟ್ಟರೆ ಅಲ್ಲಿ ಹುಡುಕಿ. ನಿಮ್ಮ ಕಾಯಿಲೆ, ನಿಮ್ಮ ವಯಸ್ಸು, ಅದೇ ಆಸ್ಪತ್ರೆ ಇದೆಯಾ ನೋಡಿ. ಕಾಲೇಜು ಓದುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚಿಕಿತ್ಸೆ ಒಳ್ಳೆಯದು ಅಂತಲ್ಲ. ಫ್ಲಾರಿಡಾದ ಕಥೆಯಲ್ಲೂ ಅಲ್ಲಿನ ಪಟ್ಟಿಯಲ್ಲಿ ಕಂಡು ನಂಬಿದವರಿದ್ದರು.

ಪ್ರಯೋಗ ಸರಿಯಾಗಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಇದೆಯಾ, ಒಪ್ಪಿಗೆ ಫಾರಂ ಕನ್ನಡದಲ್ಲಿ ಇದೆಯಾ, ನಡುವೆ ಬಿಡಬಹುದಾ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ ಇಷ್ಟನ್ನೂ ಕೇಳಿ. ಫಾರಂ ಮನೆಗೆ ತಂದು ಓದಲು ಬಿಡದವರ ಹತ್ತಿರ ಸಹಿ ಹಾಕಬೇಡಿ. ಒಂದು ಸಲ ಯಾವುದಾದರೂ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿಸಿಕೊಂಡಿದ್ದರೆ ಮುಂದೆ ಒಳ್ಳೆಯ ಪ್ರಯೋಗಕ್ಕೆ ನಿಮ್ಮನ್ನು ತೆಗೆದುಕೊಳ್ಳದೇ ಇರಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಮಗಳಿಗೆ ಹೆರಿಗೆ ಇದೆ. ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಟ್ಟರೆ ಮುಂದೆ ಅಜ್ಜನ ಕಣ್ಣಿಗೆ ಆಗುತ್ತಾ?

ಆಗುವುದಿಲ್ಲ. ಅದರಲ್ಲಿರುವುದು ಮುಖ್ಯವಾಗಿ ರಕ್ತ ಮಾಡುವ ಸ್ಟೆಮ್ ಸೆಲ್. ಮುಂದೆ ಯಾವತ್ತೋ ಬೇಕಾದೀತು ಅಂತ ಖಾಸಗಿ ಬ್ಯಾಂಕಿನಲ್ಲಿ ದುಡ್ಡು ಕೊಟ್ಟು ಇಡುವುದನ್ನು ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ. ಆ ದುಡ್ಡಲ್ಲಿ ಬಾಣಂತಿಗೆ ಚೆನ್ನಾಗಿ ಊಟ ಹಾಕಿ.

ಸ್ಟೆಮ್ ಸೆಲ್ ಪುಡಿ, ಮಾತ್ರೆ ಅಂತ ಮಾರ್ತಾರಲ್ಲ?

ಸೇಬಿನದು, ದ್ರಾಕ್ಷಿಯದು ಅಂತೆಲ್ಲ ಬರುತ್ತದೆ. ಹೊಟ್ಟೆಗೆ ಹೋಗಿ ಜೀರ್ಣವಾಗುತ್ತದೆ. ಸೇಬು ತಿಂದರೂ ಅಷ್ಟೇ, ಅಗ್ಗ.

ಅಪ್ಪು ಕಣ್ಣಿನಿಂದ ನಾಲ್ಕು ಜನಕ್ಕೆ ನೋಟ ಬಂತು. ಹಾಗೆ ದಾನದ ಕಣ್ಣು ಆರ್‌ಪಿ ಇದ್ದವರಿಗೆ ಹಾಕಬಹುದಲ್ಲ?

ದಾನದ ಕಣ್ಣಿನಿಂದ ಕಸಿಗೆ ಬಳಸುವುದು ಕಾರ್ನಿಯಾ. ಇಡೀ ಕಣ್ಣು ಬದಲಿಸಿ ನೋಟ ತರಲು ಬರುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಒಮ್ಮೆ ಕತ್ತರಿಸಿದರೆ ಕೂಡುವುದಿಲ್ಲ. ಹಾಗಾಗಿ ರೆಟಿನಾ ಕೆಟ್ಟವರಿಗೆ ನೇತ್ರದಾನದಿಂದ ಸದ್ಯಕ್ಕೆ ಉಪಯೋಗವಿಲ್ಲ.

ಆದರೆ ಅಪ್ಪು ವಿಷಯದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಉಳಿದ ಲಿಂಬಸ್ ಅಂಚನ್ನೂ ಎಸೆಯಲಿಲ್ಲ. ಸ್ಟೆಮ್ ಸೆಲ್ ಸಂಶೋಧನೆಗೆಂದು ತಮ್ಮ ಲ್ಯಾಬಿಗೆ ಕಳಿಸಿದೆವು ಅಂತ ಹೇಳಿದರು. ಮೇಲೆ ಸುಣ್ಣದ ಗಾಯದಲ್ಲಿ ಹೇಳಿದೆನಲ್ಲ, ಅದೇ ಅಂಚು.

ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಣ್ಣಿಗೆ?

ಸ್ಟೆಮ್ ಸೆಲ್ ಇಲ್ಲ. ಗ್ಲಾಕೋಮಾಕ್ಕೆ ಡ್ರಾಪ್ಸ್, ಲೇಸರ್, ಆಪರೇಷನ್. ಸಕ್ಕರೆಯದಕ್ಕೆ ಲೇಸರ್, ಇಂಜೆಕ್ಷನ್, ಎಲ್ಲಕ್ಕಿಂತ ಮೊದಲು ಸಕ್ಕರೆ ಹಿಡಿತ. ಡ್ರಾಪ್ಸ್ ಬಿಟ್ಟು ಸ್ಟೆಮ್ ಸೆಲ್‌ಗೆ ಕಾಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಜೀನ್ ಚಿಕಿತ್ಸೆ ಅಂದ್ರೂ ಇದೇನಾ?

ಬೇರೆ. ಅಲ್ಲಿ ಕೋಶ ಹಾಕುವುದಿಲ್ಲ, ಇರುವ ಕೋಶಕ್ಕೆ ಸರಿಯಾದ ಜೀನ್ ಮುಟ್ಟಿಸುತ್ತಾರೆ. ಲಕ್ಸ್‌ಟರ್ನಾ ಅನ್ನುವುದಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆರ್‌ಪಿಇ65 ಅನ್ನುವ ಒಂದೇ ಜೀನ್ ಕೆಟ್ಟವರಿಗೆ ಮಾತ್ರ. ಎರಡು ಕಣ್ಣಿಗೆ 8,50,000 ಡಾಲರ್ ಬೆಲೆ ಇಟ್ಟರು. ಆರ್‌ಪಿ ತರುವ ಜೀನ್‌ಗಳು 80ಕ್ಕೂ ಹೆಚ್ಚು. ಹಾಗಾಗಿ ಆರ್‌ಪಿ ಇದ್ದವರು ದುಡ್ಡು ಖರ್ಚು ಮಾಡುವುದೇ ಆದರೆ ಜೀನ್ ಪರೀಕ್ಷೆಗೆ ಮಾಡಿ. ಮುಂದೆ ಯಾವ ಪ್ರಯೋಗ ಬಂದರೂ ಮೊದಲು ಕೇಳುವುದು ಆ ರಿಪೋರ್ಟ್. ಮನೆಯ ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟು ಅನ್ನುವುದೂ ಅದರಿಂದಲೇ ತಿಳಿಯುತ್ತದೆ. ಸೋದರ ಸಂಬಂಧದಲ್ಲೇ ಮದುವೆ ನಡೆಯುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಎರಡೂ ಕಡೆಯಿಂದ ಒಂದೇ ಕೆಟ್ಟ ಜೀನ್ ಬಂದು ಸೇರಬಹುದು.

ಅಲ್ಲಿವರೆಗೆ ಸುಮ್ನೆ ಕೂರೋದಾ?

ಮಾಡಲಿಕ್ಕೆ ಬಹಳ ಇದೆ.

ಎಎಂಡಿಯಲ್ಲಿ ಒಣ, ಒದ್ದೆ ಅಂತ ಎರಡು ಬಗೆ. ಒದ್ದೆ ಬಗೆಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೇಗ ಶುರುಮಾಡಬೇಕು. ಕಂಡುಹಿಡಿಯುವುದು ಹೇಗೆ? ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ನೆಟ್ಟಗಿರುವ ಸರಳು ನಡುವೆ ಬಾಗಿದ ಹಾಗೆ ಕಂಡರೆ ಅದೇ ವಾರ ಡಾಕ್ಟರ್ ಹತ್ತಿರ ಹೋಗಿ. ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲಿ ಕಣ್ಣಿನ ವಿಭಾಗ ಇದೆ, ರೆಟಿನಾ ತಜ್ಞರು ಬೇಕಾದರೆ ಮೈಸೂರು, ಮಂಗಳೂರು, ಬೆಂಗಳೂರು. ಒಣ ಬಗೆ ನಡುಹಂತದಲ್ಲಿದ್ದರೆ ವಿಟಮಿನ್, ಸತು, ಲ್ಯೂಟಿನ್ ಸೇರಿದ ಒಂದು ಲೆಕ್ಕದ ಮಾತ್ರೆ ಅಪಾಯವನ್ನು ಸುಮಾರು ಕಾಲು ಭಾಗ ಇಳಿಸುತ್ತದೆ ಅಂತ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿದೆ. ಆರಂಭದ ಹಂತದವರಿಗೆ, ಆರ್‌ಪಿಯವರಿಗೆ ಅದರಿಂದ ಲಾಭವಿಲ್ಲ. ಬೀಡಿ ಸಿಗರೇಟು ಬಿಡಿ. ಎಎಂಡಿಯನ್ನು ಹೆಚ್ಚಿಸುವುದರಲ್ಲಿ ನಮ್ಮ ಕೈಯಲ್ಲಿ ಇರುವ ದೊಡ್ಡ ಕಾರಣ ಅದೇ.

ಕ್ಯಾರೆಟ್ ಜ್ಯೂಸ್, ವಿಟಮಿನ್ ಎ ಮಾತ್ರೆ ಅಂತ ಸ್ವಂತ ವೈದ್ಯ ಬೇಡ. ಊಟದ ಕೊರತೆಯಿಂದ ಬರುವ ಇರುಳುಗುರುಡಿಗೆ ವಿಟಮಿನ್ ಎ ಮದ್ದು. ಸ್ಟಾರ್‌ಗಾರ್ಟ್ ಇದ್ದವರಿಗೆ ಅದೇ ಜಾಸ್ತಿಯಾದರೆ ಕೆಡುಕು.

ಆರ್‌ಪಿ ಇದ್ದವರಿಗೆ ಪೊರೆ ಬೇಗ ಬರುತ್ತದೆ. ರೆಟಿನಾದ ನಡುವೆ ನೀರು ತುಂಬುವುದೂ ಉಂಟು. ಎರಡಕ್ಕೂ ಚಿಕಿತ್ಸೆ ಇದೆ. ನಮ್ಮ ಅಣ್ಣನಿಗೆ ಆ ಪ್ಯಾಕೇಜ್ ಗಲಾಟೆಯಲ್ಲಿ ಪೊರೆ ಇರುವುದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಮೈಸೂರಿನಲ್ಲಿ ಒಬ್ಬ ಡಾಕ್ಟರಮ್ಮ ನೋಡಿ, "ಕೊಳವೆ ದೊಡ್ಡದಾಗಲ್ಲ, ಗಾಜು ಒರೆಸಿ ಕೊಡ್ತೀನಿ" ಅಂದರು. ಪೊರೆ ತೆಗೆದ ಎರಡನೇ ವಾರ ಕಣದಲ್ಲಿ ಕೂತು ಒಂದು ಹಿಡಿ ಕಾಫಿ ಹಣ್ಣು ಎತ್ತಿಕೊಂಡ. ಹಸಿರು ಕಾಯಿ ನಾಲ್ಕು ಹೆಕ್ಕಿ ಹೊರಗೆ ಹಾಕಿದ. ಕೆಂಪು ಯಾವುದು ಹಸಿರು ಯಾವುದು ಅಂತ ಅತ್ತಿಗೆಯನ್ನು ಕೇಳದೆ.

ಸರ್ಕಾರದಿಂದ ಏನು ಸಿಗುತ್ತೆ?

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ನಡುವೆ ಚೆನ್ನಾಗಿ ಕಾಣುತ್ತೆ, ನಮಗೆ ಸಿಗಲ್ಲ ಅಂತ ಆರ್‌ಪಿಯವರು ಬಿಟ್ಟುಬಿಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ಅಗಲಕ್ಕೂ ಲೆಕ್ಕ ಇದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಕ್ಷರ ಓದಿದರೂ ಅಂಧತ್ವವೇ. ನೋಟದ ಅಗಲ ಅಳೆಯುವ ಫೀಲ್ಡ್ ಟೆಸ್ಟ್ ರಿಪೋರ್ಟ್ ತೆಗೆದುಕೊಂಡು ಹೋಗಿ. ಕಾರ್ಡ್ ಕೈಗೆ ಬಂದ ಮೇಲೆ ಬಸ್ ಪಾಸಿಗೂ ಅರ್ಜಿ ಹಾಕಿ. ರೈಲೇ ಇಲ್ಲದ ಜಿಲ್ಲೆಯಲ್ಲಿ ಅದು ದೊಡ್ಡ ಅನುಕೂಲ.

ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಒದ್ದೆ ಎಎಂಡಿಯ ಇಂಜೆಕ್ಷನ್ ತಪ್ಪುತ್ತಲ್ಲ, ಏನು ಮಾಡೋದು?

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿಯೇ ಮುಚ್ಚಿದಾಗ ಮಂಗಳೂರಿಗೆ ಹೋಗಬೇಕಿದ್ದವರು ಕಷ್ಟಪಟ್ಟರು. ಆವತ್ತಿನಿಂದ ನಾನು ಎಲ್ಲರಿಗೂ ಒಂದು ಮಾತು ಹೇಳುತ್ತೇನೆ. ಜೂನ್ ಬರುವ ಮೊದಲೇ ಡಾಕ್ಟರ್ ಹತ್ತಿರ ಮಳೆಗಾಲದ ತಾರೀಕು ಮಾತಾಡಿಕೊಳ್ಳಿ. ಒಂದು ವಾರ ಹಿಂದೆ ಮುಂದೆ ಆದರೆ ಅವರೇ ಹೊಂದಿಸುತ್ತಾರೆ, ಹೇಳದೆ ಎರಡು ತಿಂಗಳು ಬಿಟ್ಟರೆ ಕಷ್ಟ. ಸ್ಕ್ಯಾನ್ ರಿಪೋರ್ಟುಗಳ ಫೋಟೊ ಫೋನಿನಲ್ಲಿ ಇರಲಿ, ಮಗನ ಫೋನಿನಲ್ಲೂ ಇರಲಿ. ದಾರಿ ಮುಚ್ಚಿ ಬೇರೆ ಊರಿನ ಆಸ್ಪತ್ರೆಗೆ ಹೋದರೆ ಅವರಿಗೆ ಹಳೆಯದು ಬೇಕಾಗುತ್ತದೆ. ಕಾಗದದ ಫೈಲನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಲೆಯ ಹತ್ತಿರದ ಅಟ್ಟದಲ್ಲಿ ಇಡಿ. ಬೀರುವಿನಲ್ಲಿ ಇಟ್ಟರೆ ಆಗಸ್ಟಿನ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.